ಮುಟ್ಟು ನಿಂತ ಮೇಲೆ ಮೊದಲು ಯಾವ ಡಾಕ್ಟರ್?

ಅಮ್ಮನಿಗೆ 51, ಮುಟ್ಟು ನಿಂತು 14 ತಿಂಗಳು, ರಾತ್ರಿ ಮೈ ಬಿಸಿಯಾಗಿ ಬೆವರುತ್ತೆ, ಕೆಮ್ಮಿದರೆ ಮೂತ್ರ ಸೋರುತ್ತೆ, ಥೈರಾಯ್ಡ್ ಮಾತ್ರೆಯೂ ಇದೆ, ಯಾರ ಹತ್ತಿರ ಹೋಗೋದು ಅಂತ ಕೇಳಿದ್ದೀರಿ.

ಮೊದಲು ಸ್ತ್ರೀರೋಗ ತಜ್ಞರು. ಈ ವಯಸ್ಸಿಗೆ ಎಫ್‌ಎಸ್‌ಎಚ್ (ಮುಟ್ಟು ನಿಂತಿದೆಯಾ ಅಂತ ನೋಡುವ ಹಾರ್ಮೋನ್) ಪರೀಕ್ಷೆ ಸಾಮಾನ್ಯವಾಗಿ ಬೇಕಿಲ್ಲ, ದುಡ್ಡು ದಂಡ. ಟಿಎಸ್‌ಎಚ್ (ಥೈರಾಯ್ಡ್ ರಕ್ತ ಪರೀಕ್ಷೆ) ಮಾತ್ರ ಮಾಡಿಸಿ. ಥೈರಾಯ್ಡ್ ಡೋಸ್ ಹೆಚ್ಚಾದರೂ ಹೀಗೇ ಬೆವರುತ್ತೆ.

ಎಡವಟ್ಟಾಗೋದು ಮಾತ್ರೆಗಳಲ್ಲಿ, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರಲ್ಲ. ಬೆಳಿಗ್ಗೆ ಥೈರಾಕ್ಸಿನ್ (ಥೈರಾಯ್ಡ್ ಮಾತ್ರೆ) ನುಂಗಿ ತಿಂಡಿ ಜೊತೆ ಕ್ಯಾಲ್ಸಿಯಂ ತಗೊಂಡರೆ ಥೈರಾಕ್ಸಿನ್ ಸರಿಯಾಗಿ ಮೈಗೆ ಹತ್ತಲ್ಲ. 4 ಗಂಟೆ ಅಂತರವಿರಲಿ, ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ ತಳ್ಳಿ. ಬಿಸಿ, ಬೆವರಿಗೆ ಈಸ್ಟ್ರೋಜನ್ (ಹಾರ್ಮೋನ್) ಮಾತ್ರೆ ಶುರುವಾದರೆ 6–12 ವಾರಕ್ಕೆ ಟಿಎಸ್‌ಎಚ್ ಮತ್ತೆ ನೋಡಿಸಿ, ಥೈರಾಯ್ಡ್ ಡೋಸ್ ಏರಿಸಬೇಕಾಗಬಹುದು. ಗರ್ಭಕೋಶ ಇದ್ದರೆ ಈಸ್ಟ್ರೋಜನ್ ಜೊತೆಗೆ ಪ್ರೊಜೆಸ್ಟರಾನ್ ಅನ್ನೋ ಇನ್ನೊಂದು ಹಾರ್ಮೋನ್ ಬೇಕೇಬೇಕು; ಅದನ್ನು ಕೊಡದಿದ್ದರೆ ಗರ್ಭಕೋಶದ ಒಳಪೊರೆ ದಪ್ಪವಾಗಿ ಕ್ಯಾನ್ಸರ್ ಅಪಾಯ. ಎಲ್ಲ ಮಾತ್ರೆಗಳ ಒಂದೇ ಪಟ್ಟಿ ಮಾಡಿ ಎಲ್ಲರಿಗೂ ತೋರಿಸಿ, ಮೆಡಿಕಲ್ ಶಾಪಿನವರಿಗೂ.

ಸೋರಿಕೆಗೆ ಫಿಸಿಯೋಥೆರಪಿಸ್ಟ್. ಹೂಸು ತಡೆಯುವಂತೆ ಕೆಳಗಿನ ಸ್ನಾಯುಗಳನ್ನು ಒಳಗೆಳೆದು, ಆದಷ್ಟು 8 ಸೆಕೆಂಡ್ ಹಿಡಿದು ಬಿಡೋದು. 8 ಸಲ, ದಿನಕ್ಕೆ 3 ಬಾರಿ, ಕನಿಷ್ಠ 3 ತಿಂಗಳು. ಎಷ್ಟೋ ಜನ ಉಸಿರು ಕಟ್ಟಿ ಕೆಳಕ್ಕೆ ತಿಣುಕುತ್ತಾರೆ, ಅದು ಪೂರ್ತಿ ಉಲ್ಟಾ. ಅದಕ್ಕೇ ಯೂಟ್ಯೂಬ್ ಸಾಲದು, ಒಮ್ಮೆ ಎದುರಿಗೆ ಕೂತು ಕಲಿಯಬೇಕು.

ಇನ್ನು ಮೇಲೆ ಒಂದು ಹನಿ ರಕ್ತ ಕಂಡರೂ ಮುಟ್ಟು ಮತ್ತೆ ಬಂತು ಅಂದುಕೊಳ್ಳಬೇಡಿ. ಆ ವಾರವೇ ತೋರಿಸಿ, ಸ್ಕ್ಯಾನ್ ಆಗಬೇಕು.