ಓದುಗರ ಪ್ರಶ್ನೆ: ಹಳೆಯ ಪಾಯಿಂಟರ್ ನಾಯಿಗಳ ವಂಶ ಮತ್ತು ಬಹುಮಾನಗಳು

ಪ್ರಶ್ನೆ: ಒಂದು ಪಾಯಿಂಟರ್‌ನ (ಬೇಟೆಯ ಹಕ್ಕಿ ಅಡಗಿದ ಕಡೆಗೆ ಮೂತಿ ಚಾಚಿ ನಿಂತು ತೋರಿಸುವ ನಾಯಿ ತಳಿ) ವಂಶಾವಳಿಯನ್ನು 1870ರ ದಶಕದವರೆಗೆ ಹಿಂಬಾಲಿಸಿದ್ದೇನೆ. ಡಾನ್, ಬ್ಯಾಂಗ್, ಡ್ರೇಕ್, ಜೂನೋ ಎಂಬ ಹೆಸರುಗಳೇ ಮತ್ತೆ ಮತ್ತೆ ಬರುತ್ತವೆ. ಇವೆಲ್ಲ ಒಂದೇ ನಾಯಿಗಳೇ?

ಉತ್ತರ: ಹಾಗೆಂದುಕೊಂಡರೆ ಕೆಟ್ಟಿರಿ. ನಾಯಿ ತಳಿಗಳ ದಾಖಲೆ ಇಡುವ ಇಂಗ್ಲೆಂಡಿನ ಸಂಸ್ಥೆಯಾದ ಕೆನೆಲ್ ಕ್ಲಬ್ ಹುಟ್ಟಿದ್ದು 1873ರಲ್ಲಿ. ಅದು ಹೆಸರುಗಳ ನೋಂದಣಿ ಆರಂಭಿಸಿದ್ದು 1880ರಲ್ಲಿ, ಅದೂ ಮುಖ್ಯವಾಗಿ ಈ ಗೊಂದಲ ತಪ್ಪಿಸಲೆಂದೇ. ಅದಕ್ಕೆ ಮುಂಚೆ ಹತ್ತು ಮನೆಯಲ್ಲಿ ಹತ್ತು ಡಾನ್‌ಗಳಿದ್ದರೂ ಕೇಳುವವರಿರಲಿಲ್ಲ. ಆದ್ದರಿಂದಲೇ ಆ ಕಾಲದವರು ಒಡೆಯನ ಹೆಸರು ಸೇರಿಸಿ ‘ಗಾರ್ತ್ ಅವರ ಡ್ರೇಕ್’, ‘ಪ್ರೈಸ್ ಅವರ ಬ್ಯಾಂಗ್’ ಎಂದು ಬರೆಯುತ್ತಿದ್ದರು.

ಒಡೆಯನ ಹೆಸರೂ ಕೈಕೊಡುವುದುಂಟು. ಡ್ರೇಕ್‌ನನ್ನು ಬೆಳೆಸಿದವರು ಸರ್ ರಿಚರ್ಡ್ ಗಾರ್ತ್ (1875ರಲ್ಲಿ ಕಲ್ಕತ್ತಾ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದವರು ಇವರೇ). ಆಮೇಲೆ 150 ಗಿನಿಗೆ (ಗಿನಿ ಎಂದರೆ ಬ್ರಿಟನ್ನಿನ ಹಳೆಯ ಹಣದ ಲೆಕ್ಕ) ಅದು ವೇಲ್ಸ್‌ನ ಲಾಯ್ಡ್ ಪ್ರೈಸ್ ಅವರ ಪಾಲಾಯಿತು. ಬ್ಯಾಂಗ್‌ನ ಒಡೆಯ ಡೆವನ್‌ನ ಸ್ಯಾಮ್ ಪ್ರೈಸ್, ಬೇರೆಯೇ ವ್ಯಕ್ತಿ. ಹೀಗಾಗಿ ಬರೀ ‘ಪ್ರೈಸ್’ ಎಂದಿದ್ದರೆ ಯಾವ ಪ್ರೈಸ್ ಎಂದು ಕೇಳಲೇಬೇಕು. ಒಂದೇ ನಾಯಿ ಇಬ್ಬರು ಒಡೆಯರ ಹೆಸರಿನಲ್ಲಿ ಎರಡು ನಾಯಿಯಾಗಿ ನಿಂತಿದೆಯೇ ಎಂಬುದನ್ನೂ ನೋಡಬೇಕು.

ಪ್ರತಿ ಹೆಸರಿನ ಪಕ್ಕ ಹುಟ್ಟಿದ ವರ್ಷ, ತಂದೆ, ತಾಯಿ, ಬಣ್ಣ, ಬೆಳೆಸಿದವರು, ಒಡೆಯರು ಎಂದು ಆರು ಕಲಮು ಮಾಡಿಕೊಳ್ಳಿ. ತಂದೆ, ತಾಯಿ, ವರ್ಷ ಮೂರೂ ಕೂಡಿದರೆ ಮಾತ್ರ ಎರಡು ನಮೂದುಗಳನ್ನು ಒಂದೇ ನಾಯಿ ಎನ್ನಿ. ಆಮೇಲೆ ದಿನಾಂಕಗಳನ್ನು ತಾಳೆ ಹಾಕಿ. ಗರ್ಭದ ಅವಧಿ ಸುಮಾರು 63 ದಿನ. ಒಂದೇ ತಾಯಿಗೆ ಮೂರು ತಿಂಗಳ ಅಂತರದಲ್ಲಿ ಎರಡು ಸೂಲು ಬರೆದಿದ್ದರೆ ಅಲ್ಲಿ ಎರಡು ಜೂನೋಗಳಿವೆ, ಇಲ್ಲವೇ ತಾರೀಖು ತಪ್ಪಿದೆ.

ಬಣ್ಣ ಇದಕ್ಕಿಂತ ಗಟ್ಟಿ ಸಾಕ್ಷಿ. ಪಾಯಿಂಟರ್‌ಗಳಲ್ಲಿ ಕಪ್ಪು, ಲಿವರ್ ಅಂದರೆ ಕಂದು, ಆರೆಂಜ್, ಲೆಮನ್ ಎಂಬ ನಾಲ್ಕು ಬಣ್ಣಗಳು, ಸಾಮಾನ್ಯವಾಗಿ ಬಿಳಿಯೊಡನೆ. ಆರೆಂಜ್‌ಗೆ ಮೂಗು ಕಪ್ಪು, ಲೆಮನ್‌ಗೆ ಕಂದು ಅಥವಾ ಮಾಂಸದ ಬಣ್ಣ. ಲೆಮನ್ ಜೋಡಿಗೆ ಲೆಮನ್ ಮರಿಗಳು ಮಾತ್ರ ಹುಟ್ಟುತ್ತವೆ. ಆರೆಂಜ್ ಜೋಡಿಗೆ ಆರೆಂಜ್ ಅಥವಾ ಲೆಮನ್. ಲಿವರ್ ಜೋಡಿಗೆ ಲಿವರ್ ಅಥವಾ ಲೆಮನ್. ಕಪ್ಪು ಮರಿ ಹುಟ್ಟದು. ಲಿವರ್ ತಂದೆತಾಯಿಗೆ ಕಪ್ಪು ಮಗನನ್ನು ಬರೆದ ವಂಶಾವಳಿ ಎಷ್ಟೇ ಚೆಂದದ ಅಕ್ಷರದಲ್ಲಿದ್ದರೂ ಅಲ್ಲಿಗೇ ಮುರಿಯಿತು. ಒಂದು ಎಚ್ಚರಿಕೆ ಮಾತ್ರ: ಹಳಬರು ಮೂಗು ನೋಡದೆ ಲೆಮನ್, ಆರೆಂಜ್ ಎರಡನ್ನೂ ಅದಲುಬದಲು ಮಾಡಿ ಬರೆದಿರಬಹುದು. ಆ ಎರಡರ ನಡುವಿನ ವ್ಯತ್ಯಾಸವೊಂದನ್ನೇ ನಂಬಿ ತೀರ್ಪು ಕೊಡಬೇಡಿ.

ಪ್ರಶ್ನೆ: ನ್ಯೂಯಾರ್ಕಿನ ವೆಸ್ಟ್‌ಮಿನ್‌ಸ್ಟರ್ ಕೆನೆಲ್ ಕ್ಲಬ್ಬಿನ ಲಾಂಛನದಲ್ಲಿರುವ ‘ಸೆನ್ಸೇಷನ್’ ಎಷ್ಟು ಸಲ ‘ಬೆಸ್ಟ್ ಇನ್ ಶೋ’ ಗೆದ್ದಿತ್ತು?

ಉತ್ತರ: ಒಂದು ಸಲವೂ ಇಲ್ಲ. ಅದಕ್ಕೆ ನಾಯಿಯನ್ನು ದೂರಬೇಡಿ, ಆಗ ಆ ಪ್ರಶಸ್ತಿಯೇ ಇರಲಿಲ್ಲ. ಕ್ಲಬ್ಬಿನ ಮೊದಲ ಪ್ರದರ್ಶನ 1877ರ ಮೇ 8ರಂದು ಗಿಲ್‌ಮೋರ್ಸ್ ಗಾರ್ಡನ್‌ನಲ್ಲಿ ಆರಂಭವಾಯಿತು, 1,200ಕ್ಕೂ ಹೆಚ್ಚು ನಾಯಿಗಳು ಬಂದಿದ್ದವು. ಎಲ್ಲ ತಳಿಗಳ ನಡುವಿನ ಅತ್ಯುತ್ತಮ ನಾಯಿಗೆ ಪ್ರಶಸ್ತಿ ಕೊಡತೊಡಗಿದ್ದು 1907ರಲ್ಲಿ. ಸೆನ್ಸೇಷನ್ ಇಂಗ್ಲೆಂಡಿನಿಂದ ತರಿಸಿದ ಲೆಮನ್-ಬಿಳಿ ಗಂಡು ನಾಯಿ. ಕ್ಲಬ್ಬಿನ ಸ್ಥಾಪಕರು ಬೇಟೆಯ ಪಾಯಿಂಟರ್‌ಗಳ ಗೀಳು ಹತ್ತಿದವರು, ಅದರ ತಲೆಯನ್ನೇ ಗುರುತಾಗಿ ಇಟ್ಟುಕೊಂಡರು. ತಳಿಯ ಮಾನದಂಡ ಓದುವವರಿಗೆ ಆ ಚಿತ್ರ ಒಳ್ಳೆಯ ಪಾಠ. ಹಣೆ ಮುಗಿದು ಮೂತಿ ಶುರುವಾಗುವಲ್ಲಿನ ಇಳಿತ, ಮೂತಿಯ ಉದ್ದ, ಕಿವಿ ಹೊರಡುವ ಎತ್ತರ, ಈ ಮೂರನ್ನು ಮೊದಲು ನೋಡಿ.

ಮುಂದೆ ಆ ಪ್ರಶಸ್ತಿ ಗೆದ್ದ ಪಾಯಿಂಟರ್‌ಗಳು ಮೂರು: 1925ರಲ್ಲಿ ಗವರ್ನರ್ ಮಾಸ್ಕೋ, 1932ರಲ್ಲಿ ನ್ಯಾಂಕೊಲೆತ್ ಮಾರ್ಕಬಲ್, 1986ರಲ್ಲಿ ಮಾರ್ಜೆಟ್ಟಾಸ್ ನ್ಯಾಷನಲ್ ಅಕ್ಲೇಮ್. 1974, 2005 ಮತ್ತು 2016ರ ಗೆಲುವುಗಳನ್ನು ಕೆಲವರು ಇದಕ್ಕೇ ಸೇರಿಸುತ್ತಾರೆ. ಅವು ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್‌ಗಳವು, ತಳಿಯೇ ಬೇರೆ.

ಇನ್ನೂ ಹಿಂದಿನ ‘ಪ್ರಥಮ ಬಹುಮಾನ’ಗಳನ್ನು ಕಂಡು ಬೆರಗಾಗುವ ಮುನ್ನ ಸ್ಪರ್ಧೆಯ ಗಾತ್ರ ನೋಡಿ. 1859ರ ಜೂನ್‌ನಲ್ಲಿ ನ್ಯೂಕ್ಯಾಸಲ್‌ನಲ್ಲಿ ನಡೆದ ಪ್ರದರ್ಶನದಲ್ಲಿ ಇದ್ದದ್ದು ಪಾಯಿಂಟರ್ ಮತ್ತು ಸೆಟರ್ (ಇನ್ನೊಂದು ಬಗೆಯ ಬೇಟೆ ನಾಯಿ) ಮಾತ್ರ, ಒಟ್ಟು 60 ನಾಯಿ, ಬಹುಮಾನ ಬಂದೂಕು. ಪಾಯಿಂಟರ್ ತೀರ್ಪುಗಾರರಲ್ಲೊಬ್ಬರ ನಾಯಿ ಸೆಟರ್ ವಿಭಾಗದಲ್ಲಿ ಗೆದ್ದಿತು, ಸೆಟರ್ ತೀರ್ಪುಗಾರರಲ್ಲೊಬ್ಬರ ನಾಯಿ ಪಾಯಿಂಟರ್ ವಿಭಾಗದಲ್ಲಿ!

ಪ್ರಶ್ನೆ: ತಂದೆಯ ಕಡೆಯಲ್ಲೂ ತಾಯಿಯ ಕಡೆಯಲ್ಲೂ ಒಂದೇ ಗಂಡು ನಾಯಿ ಬಂದರೆ ರಕ್ತಸಂಬಂಧ ಎಷ್ಟೆಂದು ಲೆಕ್ಕ ಹಾಕುವುದು ಹೇಗೆ?

ಉತ್ತರ: ತಂದೆತಾಯಿಯದು 1ನೇ ಸಾಲು, ಅಜ್ಜ ಅಜ್ಜಿಯರದು 2, ಹೀಗೆ ಅಂಕಿ ಹಾಕಿ. ಆ ಹೆಸರು ಎರಡೂ ಕಡೆ ಬರುವ ಸಾಲುಗಳ ಅಂಕಿ ಕೂಡಿಸಿ, 1 ಕಳೆಯಿರಿ. ಬಂದಷ್ಟು ಅರ್ಧಗಳನ್ನು ಬರೆದು ಒಂದಕ್ಕೊಂದು ಗುಣಿಸಿ. ಎರಡೂ ಕಡೆ 2ನೇ ಸಾಲಾದರೆ 2+2-1=3, ಅಂದರೆ ಎಂಟರಲ್ಲೊಂದು, ಶೇ. 12.5. ಎರಡೂ ಕಡೆ 3ನೇ ಸಾಲಾದರೆ ಶೇ. 3.125. ಇಂಥ ಹೆಸರು ಎರಡಿದ್ದರೆ ಎರಡನ್ನೂ ಕೂಡಿಸಿ.

ಹೆಚ್ಚಿನವರು ಎಡವುವುದು ಇಲ್ಲಿ: ಡ್ರೇಕ್ ಎರಡು ಕಡೆ ಬಂದರೆ ಡ್ರೇಕ್‌ನ ಅಪ್ಪನೂ ಎರಡು ಕಡೆ ಬರಲೇಬೇಕಲ್ಲ. ಡ್ರೇಕ್ ಮೂಲಕವೇ ಬಂದ ಅಪ್ಪನನ್ನು ಮತ್ತೆ ಎಣಿಸಬಾರದು. ಇನ್ನೊಂದು ಮಗುವಿನ ಮೂಲಕ ಬಂದಿದ್ದರೆ ಮಾತ್ರ ಆ ದಾರಿಯನ್ನು ಬೇರೆಯಾಗಿ ಸೇರಿಸಿ. ನಾಲ್ಕು ತಲೆಮಾರಿನ ವಂಶಾವಳಿ ಪತ್ರದಲ್ಲಿ 30 ಹೆಸರುಗಳಿಗಷ್ಟೇ ಜಾಗ, ಹಾಗಾಗಿ ಅದರಿಂದ ಸಿಗುವ ಅಂಕಿ ಕನಿಷ್ಠ ಮಿತಿ ಎಂದುಕೊಳ್ಳಿ. ಹೆಸರು ಗುರುತಿಸುವಲ್ಲೇ ತಪ್ಪಿದ್ದರೆ ಈ ಗಣಿತ ದಂಡ.

ಪ್ರಶ್ನೆ: ಬ್ರಿಟಿಷ್ ವಂಶಾವಳಿ ಪತ್ರಗಳಲ್ಲಿ ‘ಚಾಂಪಿಯನ್’, ‘ಶೋ ಚಾಂಪಿಯನ್’ ಎರಡೂ ಇವೆ. ವ್ಯತ್ಯಾಸವೇನು?

ಉತ್ತರ: ಮೂವರು ಬೇರೆ ಬೇರೆ ತೀರ್ಪುಗಾರರಿಂದ ಮೂರು ಚಾಲೆಂಜ್ ಸರ್ಟಿಫಿಕೇಟ್ (ಪ್ರದರ್ಶನದಲ್ಲಿ ತಳಿಯ ಅತ್ಯುತ್ತಮ ಗಂಡು ಅಥವಾ ಹೆಣ್ಣಿಗೆ ಕೊಡುವ ಪತ್ರ) ಪಡೆದ ಬೇಟೆ ತಳಿಯ ನಾಯಿ ಶೋ ಚಾಂಪಿಯನ್. ಜೊತೆಗೆ ಬಯಲಿನ ಕೆಲಸದಲ್ಲೂ ಅರ್ಹತೆ ಗಳಿಸಿದ್ದರೆ ಚಾಂಪಿಯನ್. ‘ಶೋ ಚಾಂಪಿಯನ್’ ಎಂಬ ಬಿರುದು ಬಂದದ್ದು 1958ರಲ್ಲಿ. ಅದಕ್ಕೆ ಹಿಂದಿನ ನಾಯಿಯ ಹೆಸರಿನ ಮುಂದೆ ಅದು ಕಂಡರೆ ಯಾರೋ ಆಮೇಲೆ ಸೇರಿಸಿದ್ದು.