ಹಳ್ಳದ ದಂಡೆಯ ವಿಲೋ ಕೀಳಬೇಕೇ?

ಪ್ರಶ್ನೆ: ನಮ್ಮ ಅಡಿಕೆ ತೋಟದ ಕೆಳಗೆ ಹಳ್ಳವಿದೆ. ದಂಡೆಯಲ್ಲಿ ಉದ್ದನೆಯ ಎಲೆಯ ಒಂದೇ ಒಂದು ಗಿಡ. ಬೇಸಿಗೆ ಹತ್ತಿರ ಬಂದಾಗ ಕಾಯಿ ಒಡೆದು ಬಿಳಿ ಹತ್ತಿ ಹಾರುತ್ತದೆ. ನೋಡಿದವರೊಬ್ಬರು ವಿಲೋ, ಅಪರೂಪದ್ದು ಎಂದರು. ಆದರೆ ಅಲ್ಲಿ ಕಲ್ಲಿನ ಗೋಡೆ ಕಟ್ಟಿಸಬೇಕು. ಕಿತ್ತು ಬೇರೆ ಕಡೆ ನೆಡಬಹುದೇ?
– ಓದುಗರೊಬ್ಬರು, ಶಿರಸಿ

ಉತ್ತರ: ದಯವಿಟ್ಟು ಕೀಳಬೇಡಿ. ಹತ್ತಿ ಹಾರುತ್ತದೆ ಅಂದಿರಲ್ಲ, ಹಾಗಾದರೆ ವಿಲೋನೇ ಇರಬೇಕು, ಸ್ಯಾಲಿಕ್ಸ್ ಟೆಟ್ರಾಸ್ಪರ್ಮಾ. ಕ್ರಿಕೆಟ್ ಬ್ಯಾಟಿನ ಮರದ ನೆಂಟ. ಹೊಳೆಯ ನಡುವೆ ಬಂಡೆಗಳ ಸಂದಿಯಲ್ಲಿ ಬೆಳೆಯುವ, ಎಲೆ ಹೀಗೇ ಕಾಣುವ ಹೋಮೋನೋಯಿಯಾ ಬೇರೆ. ಅದು ಹರಳಿನ ಜಾತಿಯದು, ಅದರ ಬೀಜಕ್ಕೆ ಹತ್ತಿ ಇರುವುದಿಲ್ಲ.

ಕಾಯಿ ಬಿಡುತ್ತದೆ ಅಂದಮೇಲೆ ನಿಮ್ಮದು ಹೆಣ್ಣು ಗಿಡ. ವಿಲೋದಲ್ಲಿ ಗಂಡು ಬೇರೆ, ಹೆಣ್ಣು ಬೇರೆ, ತೋಟದ ಜಾಯಿಕಾಯಿಯಲ್ಲಿ ಇರುವ ಹಾಗೆ. ಟೊಂಗೆ ಕಡಿದು ಒದ್ದೆ ಮಣ್ಣಿಗೆ ಚುಚ್ಚಿದರೆ ಸುಲಭವಾಗಿ ಬೇರು ಬಿಡುತ್ತದೆ, ಆದರೆ ನೂರು ಟೊಂಗೆ ನೆಟ್ಟರೂ ನೂರೂ ಹೆಣ್ಣೇ ಅಲ್ವಾ? ಬೀಜಕ್ಕೆ ಗಂಡು ಬೇಕು. ಬೀಜವನ್ನು ಡಬ್ಬಿಯಲ್ಲಿ ತೆಗೆದಿಡಲೂ ಆಗುವುದಿಲ್ಲ. ಹಾರಿದ ಕೆಲವೇ ದಿನಗಳಲ್ಲಿ ಒದ್ದೆ ಮರಳೋ ಮೆಕ್ಕಲು ಮಣ್ಣೋ ಸಿಗದಿದ್ದರೆ ಸತ್ತೇ ಹೋಗುತ್ತದೆ. ಆ ಬರಿ ಮಣ್ಣನ್ನು ಪ್ರತಿ ಮಳೆಗಾಲ ಹಳ್ಳವೇ ತಂದು ಹಾಸುತ್ತದೆ. ಗೋಡೆ ಕಟ್ಟಿದಿರೋ, ಹಾಸಲು ಜಾಗವೇ ಇಲ್ಲ. ಗಿಡ ಬೇರೆ ಕಡೆ ಬದುಕಿದರೂ ಮರಿ ಹುಟ್ಟುವುದಿಲ್ಲ. ನನಗೆ ಜಾಸ್ತಿ ಹೆದರಿಕೆ ಇದಕ್ಕೇ.

ಮಣ್ಣು ಕುಸಿಯುವ ನಿಮ್ಮ ಚಿಂತೆ ನಿಜ. ತೀರಾ ಕೊರೆದ ತಿರುವಿಗೆ ಮಾತ್ರ ಕಲ್ಲು ಇಡಿಸಿ, ಉಳಿದ ದಂಡೆ ಇಳಿಜಾರಾಗಿಯೇ ಇರಲಿ, ಅಲ್ಲಿ ಮಳೆ ಹಿಡಿದ ಮೇಲೆ ಇದೇ ವಿಲೋ ಟೊಂಗೆಗಳನ್ನು ಒತ್ತಾಗಿ ನೆಡಿ, ಬೇರು ಹೆಣೆದುಕೊಂಡು ಮಣ್ಣು ಹಿಡಿಯುತ್ತದೆ. ಉದ್ದಕ್ಕೂ ಗೋಡೆ ಕಟ್ಟಿದರೆ ನೀರಿನ ರಭಸ ಹೆಚ್ಚಿ ಕೆಳಗಿನ ತೋಟದವರ ದಂಡೆ ಕೊರೆಯುತ್ತದೆ.

ನಿಮ್ಮ ಗಿಡ ಕಾಯಿ ಕಟ್ಟುತ್ತಿದೆ ಅಂದಮೇಲೆ ಗಂಡು ಗಿಡ ಹಳ್ಳದ ಮೇಲೋ ಕೆಳಗೋ ಎಲ್ಲೋ ಇರಬೇಕು. ನಿಮ್ಮ ಗಿಡ ಹೂ ಬಿಟ್ಟಾಗ ದಂಡೆ ಹಿಡಿದು ನಡೆಯಿರಿ. ಬಾಲದಂಥ ಹಳದಿ ಹೂಗೊಂಚಲು, ಮುಟ್ಟಿದರೆ ಬೆರಳಿಗೆ ಪರಾಗ ಹತ್ತಬೇಕು. ಅದು ನೆರೆಯವರ ಜಾಗದಲ್ಲಿದ್ದರೆ, ಕಡಿಯಬೇಡಿ ಎಂದು ಈಗಲೇ ಹೇಳಿಡಿ.