ಹೊಳೆಯುವ ಗೆರೆ ಎಲ್ಲಿ ಹೋಯ್ತು, ತಂಗಿ?

ಪ್ರಿಯ ತಂಗಿ,

ಶಹಾಪುರದಿಂದ ನೀವು ಕಳಿಸಿದ ಜೋಡಿ ಕಪ್ಪುಕುಳಿಗಳ (ಬ್ಲ್ಯಾಕ್ ಹೋಲ್‌ಗಳ) ಲೇಖನ ಕೈಸೇರಿತು. ವಿಷಯ ಚೆನ್ನಾಗಿದೆ, ಶ್ರದ್ಧೆಯಿಂದ ಓದಿಕೊಂಡಿದ್ದೀರಿ. ಆದರೆ ಎರಡನೇ ಪುಟಕ್ಕೆ ಬಂದಾಗ ನನಗೆ ಸಿಟ್ಟು ಬಂತು.

'ಸೂರ್ಯಗ್ರಹಣದ ವೇಳೆ ಬೆಳಕಿನ ಬಾಗುವಿಕೆ ಗಮನಿಸಲ್ಪಟ್ಟಿತು' ಎಂದಿದ್ದೀರಿ. ಯಾರು ಗಮನಿಸಿದರು? ಸೂರ್ಯನ ಪಕ್ಕ ಹಾದುಬರುವ ನಕ್ಷತ್ರಗಳ ಬೆಳಕು ಅದರ ಸೆಳೆತಕ್ಕೆ ಎಷ್ಟು ಬಾಗುತ್ತದೆಂದು ನೋಡಲು, 1919ರ ಮೇ 29ರಂದು ಬ್ರಿಟಿಷ್ ಖಗೋಳ ವಿಜ್ಞಾನಿ ಎಡಿಂಗ್ಟನ್ ಆಫ್ರಿಕಾ ಪಕ್ಕದ ಪ್ರಿನ್ಸಿಪೆ ದ್ವೀಪದಲ್ಲಿ ಮೋಡ ಸರಿಯಲೆಂದು ಕಾದಿದ್ದರು. ಇನ್ನೊಂದು ತಂಡ ಬ್ರೆಜಿಲ್‌ನ ಸೊಬ್ರಾಲ್‌ನಲ್ಲಿತ್ತು. ಅಷ್ಟೂ ಜನರನ್ನು ನಿಮ್ಮ 'ಲ್ಪಟ್ಟಿತು' ನುಂಗಿಬಿಟ್ಟಿತಲ್ಲ!

ಮುಂದಿನ ಸಾಲು: 'ಎರಡು ದೈತ್ಯ ಕುಳಿಗಳು ಬೆಳಕಿನೊಂದಿಗೆ ಕಣ್ಣಾಮುಚ್ಚಾಲೆ ಆಡುತ್ತವೆ.' ಲೇಖನದ ಜೀವ ಇಲ್ಲೇ ಇತ್ತು. ಸುಮ್ನೆ ಸಿಂಗಾರ ಮಾಡಿ ದಾಟಿಬಿಟ್ಟಿರಿ. ಕುಳಿಯ ಸೆಳೆತವೂ ಹಿಂದಿನ ನಕ್ಷತ್ರದ ಬೆಳಕನ್ನು ಬಾಗಿಸಿ ನಮ್ಮ ಕಡೆಗೆ ಕೂಡಿಸುತ್ತದೆ. ಒಂದೇ ಕುಳಿ ಇದ್ದರೆ, ಆ ನಕ್ಷತ್ರ ಹೆಚ್ಚುಕಮ್ಮಿ ಅದರ ನೇರಕ್ಕೇ ಬಂದಾಗ ಮಾತ್ರ ಜೋರಾಗಿ ಬೆಳಗುತ್ತದೆ. ಎರಡಿದ್ದರೆ ಬೇರೆಯೇ ಕಥೆ. ನೀರಿನ ತೊಟ್ಟಿಯ ತಳವನ್ನು ಮಧ್ಯಾಹ್ನದ ಬಿಸಿಲಲ್ಲಿ ನೋಡಿದ್ದೀರಿ ಅಲ್ವಾ? ಅಲೆಗಳು ಬಾಗಿಸಿದ ಬಿಸಿಲು ಅಲ್ಲಲ್ಲಿ ಒಟ್ಟಾಗಿ, ಹೊಳೆಯುವ ಗೆರೆಗಳು ಓಡಾಡುತ್ತವೆ. ಕೋಟ್ಯಂತರ ಸೂರ್ಯರಷ್ಟು ತೂಕದ ಜೋಡಿ ಕುಳಿಗಳ ಹಿಂದೆಯೂ ಅಂಥದೊಂದು ಗೆರೆ ಉಂಟು, ವಜ್ರದಾಕಾರದ್ದು. ಕುಳಿಗಳು ಒಂದನ್ನೊಂದು ಸುತ್ತಿದ ಹಾಗೆ ಅದೂ ತಿರುಗುತ್ತದೆ. ದಾರಿಯಲ್ಲಿ ನಕ್ಷತ್ರ ಸಿಕ್ಕರೆ ಅದು ಫಕ್ಕನೆ ಮಿಂಚುತ್ತದೆ. ಮತ್ತೆ ಸುತ್ತಿ ಬಂದಾಗ ಮತ್ತೆ ಮಿಂಚು. ಮಿಂಚಿಗೂ ಮಿಂಚಿಗೂ ನಡುವಿನ ಹೊತ್ತು ಎಣಿಸಿದರೆ ಕುಳಿಗಳ ಸುತ್ತಾಟದ ಲೆಕ್ಕ ಸಿಗುತ್ತದೆ. ಗುರುತ್ವದ ಅಲೆಗಳಲ್ಲಿ ಶಕ್ತಿ ಸೋರಿ ಅವು ಹತ್ತಿರವಾದಂತೆ ಆ ಹೊತ್ತೂ ಕಮ್ಮಿಯಾಗುತ್ತ ಹೋಗುತ್ತದೆ. ತಾವೇ ಏನೂ ಬೆಳಗದೆ ಕತ್ತಲಲ್ಲಿರುವ ಜೋಡಿಯನ್ನೂ ಹೀಗೆ ಹಿಡಿಯಬಹುದು. ಇದನ್ನು ಬಿಟ್ಟು ಕಣ್ಣಾಮುಚ್ಚಾಲೆ ಯಾಕೆ?

ನಾನು ಕಲಬುರಗಿಯ ಒಂದು ವಾರಪತ್ರಿಕೆಗೆ ಸೇರಿದ ಹೊಸತರಲ್ಲಿ 'ತೊಗರಿ ಬೆಲೆ ಗಗನಕ್ಕೇರಿದೆ' ಎಂದು ಬರೆದಿದ್ದೆ. ಸಂಪಾದಕರು ಹಾಳೆ ವಾಪಸ್ ಕೊಟ್ಟು, "ಗಗನ ಬಿಡು ತಮ್ಮಾ. ಗಂಜ್‌ಗೆ ಹೋಗು, ಕ್ವಿಂಟಲ್‌ಗೆ ಎಷ್ಟದ ಕೇಳ್ಕೊಂಡು ಬಾ" ಅಂದರು. ಆ ಬಿಸಿಲಲ್ಲಿ ನಡೆದೇ ಹೋದೆ. ಅಡತ್ ಅಂಗಡಿ ಮುಂದೆ ಒಬ್ಬರು ಚೀಲದಿಂದ ಕಾಳು ತೆಗೆದು ಹಲ್ಲಲ್ಲಿ ಕಡಿದು, ಹಸಿ ಇದೆಯೋ ಒಣಗಿದೆಯೋ ನೋಡುತ್ತಿದ್ದರು. ಕಟಕ್ ಅಂದರೆ ಒಂದು ರೇಟು, ಅನ್ನದಿದ್ದರೆ ಇನ್ನೊಂದು. ಆ ಸದ್ದಿನಿಂದಲೇ ನನ್ನ ಸುದ್ದಿ ಶುರುವಾಯಿತು.

ಉಳಿದ ಪುಟಗಳ ಮಾತು ಈಗ ಬೇಡ. ಆ ಎರಡು ಸಾಲುಗಳನ್ನು ಹೊಸದಾಗಿ ಬರೆದು ಕಳಿಸಿ. ಅದಕ್ಕೂ ಮೊದಲು ನಾಳೆ ಮಧ್ಯಾಹ್ನ ತೊಟ್ಟಿ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಮುಂದಿನ ಸಂಚಿಕೆಯಲ್ಲಿ ನಿಮಗೆ ಜಾಗ ಇಟ್ಟಿರುತ್ತೇನೆ.